ಚಿತ್ರಮಾಲೆ ಮುಗಿದ ಮೇಲೆ

ಪ್ರವಾಸದಿಂದ ಮರಳಿದ ಗೃಹಸ್ಥರು ಒಂದು ಭಾನುವಾರದ ಸಂಜೆ ನೆಂಟರಿಷ್ಟರನ್ನು ಮನೆಗೆ ಕರೆದು, ತಾವು ತೆಗೆದ ಛಾಯಾಚಿತ್ರಗಳನ್ನು ಒಂದರ ಹಿಂದೊಂದರಂತೆ ತೋರಿಸುವುದು ನಗರಗಳಲ್ಲಿ ಹಳೆಯ ಪದ್ಧತಿ. ಹಿಂದೆ ಗೋಡೆಗೆ ಬಿಳಿಯ ಪಂಚೆ ಕಟ್ಟಿ ಪ್ರೊಜೆಕ್ಟರನ್ನು ಹೊತ್ತಿಸುತ್ತಿದ್ದರು. ಈಗ ಟೆಲಿವಿಷನ್ನಿಗೆ ಮೊಬೈಲ್ ಫೋನನ್ನು ಜೋಡಿಸುತ್ತಾರೆ. ಉಪಕರಣ ಬದಲಾಯಿತೇ ಹೊರತು ಕೊನೆಯ ಗಳಿಗೆ ಬದಲಾಗಲಿಲ್ಲ. ಕಡೆಯ ಚಿತ್ರ ಮಾಯವಾಗುತ್ತದೆ, ಯಾರೋ ಎದ್ದು ದೀಪ ಹಾಕುತ್ತಾರೆ, ತೋರಿಸಿದವರು ಎಲ್ಲರ ಮುಖಗಳನ್ನೂ ಒಮ್ಮೆ ನೋಡಿ “ಹೇಗಿತ್ತು?” ಎಂದು ಕೇಳುತ್ತಾರೆ. ನಾಲ್ಕು ಕಡೆಗಳಿಂದ “ಬಹಳ ಚೆನ್ನಾಗಿತ್ತು” ಎಂಬ ಉತ್ತರ ಬರುತ್ತದೆ. ಅಷ್ಟರಲ್ಲಿ ಅಡುಗೆಮನೆಯಿಂದ ಕಾಫಿ ಬರುತ್ತದೆ. ಮಾತು ಬೇರೆ ಕಡೆಗೆ ಹೊರಳುತ್ತದೆ.

“ಹೇಗಿತ್ತು?” ಎಂಬುದು ಚಿಕ್ಕ ಪ್ರಶ್ನೆಯೇನೂ ಅಲ್ಲ. ಕೇಳಿದವರು ಬೆಳಗಿನ ಜಾವಕ್ಕೆ ಎದ್ದು ಬೆಟ್ಟ ಹತ್ತಿದ್ದಾರೆ. ಸೂರ್ಯನಿಗಾಗಿ ಚಳಿಯಲ್ಲಿ ಕಾದಿದ್ದಾರೆ. ಹೆಂಡತಿ ಮಕ್ಕಳ ಗೊಣಗಾಟವನ್ನು ಸಹಿಸಿದ್ದಾರೆ. ತಾವು ಕಂಡುದನ್ನು ಇತರರೂ ಕಂಡರೇ ಎಂಬುದು ಅವರ ನಿಜವಾದ ಕುತೂಹಲ. “ಬಹಳ ಚೆನ್ನಾಗಿತ್ತು” ಎಂಬ ಮಾತು ಆ ಕುತೂಹಲವನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳುಹಿಸುತ್ತದೆ. ಮುಂದಿನ ವರ್ಷ ಅವರು ಇನ್ನೂ ನೂರು ಚಿತ್ರಗಳನ್ನು ಹೆಚ್ಚಿಸಿ ತೋರಿಸುತ್ತಾರೆ. ಅದರ ಮುಂದಿನ ವರ್ಷ ಕರೆದವರಲ್ಲಿ ಅರ್ಧ ಮಂದಿ ಬರುವುದಿಲ್ಲ. ಒಬ್ಬರ ಮಗುವಿಗೆ ಜ್ವರ, ಇನ್ನೊಬ್ಬರಿಗೆ ಕಛೇರಿಯ ಕೆಲಸ. ಏಕೆ ಹೀಗಾಯಿತೆಂಬುದು ಆ ಗೃಹಸ್ಥರಿಗೆ ತಿಳಿಯುವುದೇ ಇಲ್ಲ. ಒಂದು ನಿಮಿಷದ ಮುಜುಗರವನ್ನು ತಪ್ಪಿಸಿಕೊಳ್ಳಲು ಆಡಿದ ಸವಿಮಾತು ಹಲವು ವರ್ಷಗಳ ಒಡನಾಟವನ್ನು ತೆಳ್ಳಗಾಗಿಸುತ್ತದೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಬಗೆಯ ಉತ್ತರವೂ ಉಂಟು. ಕಾಲೇಜಿಗೆ ಹೋಗುವ ಹುಡುಗನೊಬ್ಬ ತಾನು ತೆಗೆದ ಚಿತ್ರಗಳನ್ನು ಮೊದಲ ಸಲ ತೋರಿಸುತ್ತಾನೆ. ಬಂಧುಗಳಲ್ಲಿ ತಿಳಿದವರೆನಿಸಿಕೊಂಡ ಒಬ್ಬರು ಕುರ್ಚಿಗೆ ಒರಗಿ, “ಕ್ಯಾಮೆರಾಕ್ಕೆ ಹಾಕಿದ ದುಡ್ಡು ದಂಡವಾಯಿತಲ್ಲಪ್ಪ!” ಎನ್ನುತ್ತಾರೆ. ಎಲ್ಲರೂ ನಗುತ್ತಾರೆ, ಹುಡುಗನೂ ನಗುತ್ತಾನೆ. ಆದರೆ ಮರುದಿನ ಕ್ಯಾಮೆರಾ ಬೀರುವಿನೊಳಗೆ ಸೇರುತ್ತದೆ. ಮುಖಸ್ತುತಿ ಮಾಡಿದವರಿಗೂ ಹೀಗೆ ಹಳಿದವರಿಗೂ ಮೇಲ್ನೋಟಕ್ಕೆ ಅಜಗಜಾಂತರ. ಒಳಗೆ ಮಾತ್ರ ಇಬ್ಬರೂ ಒಂದೇ. ಇಬ್ಬರೂ ಚಿತ್ರಗಳನ್ನು ನೋಡಿಲ್ಲ. ಒಬ್ಬರು ತಮ್ಮ ಸೌಜನ್ಯವನ್ನು ತೋರಿಸಿದರು, ಮತ್ತೊಬ್ಬರು ತಮ್ಮ ಜಾಣತನವನ್ನು ತೋರಿಸಿದರು. ತೋರಿಸಬೇಕಾಗಿದ್ದುದು ಅವೆರಡೂ ಅಲ್ಲ.

ಬೆಳಕಿನಿಂದ ಚಿತ್ರವನ್ನು ಗೋಡೆಯ ಮೇಲೆ ಮೂಡಿಸಿ ಹತ್ತು ಜನರನ್ನು ಕೂರಿಸಿ ತೋರಿಸುವ ಕಲೆ ಇಂದು ನಿನ್ನೆಯದಲ್ಲ. ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸ್ 1659ರಲ್ಲಿಯೇ ಮಾಯಾದೀಪಕ್ಕೆಂದು ಚಿಕ್ಕ ಚಿತ್ರಗಳನ್ನು ಬರೆದಿಟ್ಟಿದ್ದನು. ತನ್ನ ತಲೆಯನ್ನು ತಾನೇ ಕಿತ್ತು ಹಿಡಿದುಕೊಳ್ಳುವ ಅಸ್ಥಿಪಂಜರದ ಚಿತ್ರಗಳವು. ಛಾಯಾಚಿತ್ರ ಹುಟ್ಟಿದ ಮೇಲೆ ಗಾಜಿನ ಸ್ಲೈಡುಗಳು ಬಂದುವು. 1936ರಲ್ಲಿ ಕೊಡಾಕ್ರೋಮ್ ಫಿಲ್ಮು ಮೂವತ್ತೈದು ಮಿಲಿಮೀಟರಿನ ಕ್ಯಾಮೆರಾಗಳಿಗೆ ದೊರೆತುದರಿಂದ ಬಣ್ಣದ ಸ್ಲೈಡು ಮನೆಮನೆಯ ವಸ್ತುವಾಗಲು ದಾರಿಯಾಯಿತು. 1961ರಲ್ಲಿ ಕೊಡಾಕ್ ಸಂಸ್ಥೆ ಕರೋಸೆಲ್ ಎಂಬ ಪ್ರೊಜೆಕ್ಟರನ್ನು ಹೊರತಂದಿತು. ಅದರ ದುಂಡನೆಯ ತಟ್ಟೆಯಲ್ಲಿ ಸಾಮಾನ್ಯವಾಗಿ 80 ಸ್ಲೈಡುಗಳು ಹಿಡಿಯುತ್ತಿದ್ದುವು. ಅಂಥ ಪ್ರೊಜೆಕ್ಟರುಗಳ ತಯಾರಿಕೆ 2004ರಲ್ಲಿಯೂ ಕೊಡಾಕ್ರೋಮಿನ ತಯಾರಿಕೆ 2009ರಲ್ಲಿಯೂ ನಿಂತುಹೋದುವು.

ಅವುಗಳ ಜೊತೆಗೆ ಮತ್ತೊಂದು ವಸ್ತುವೂ ಹೊರಟುಹೋಯಿತು. ಅದನ್ನು ಜರಡಿ ಎಂದು ಕರೆಯಬಹುದು. ಫಿಲ್ಮಿನ ಒಂದು ಸುರುಳಿಯಲ್ಲಿ 36 ಚಿತ್ರಗಳಷ್ಟೆ ಇರುತ್ತಿದ್ದುವು. ಬಣ್ಣದ ಫಿಲ್ಮಿನ ಬೆಲೆ ಮಧ್ಯಮ ವರ್ಗದವರ ಕೈಯನ್ನು ಬಿಗಿಹಿಡಿಯುತ್ತಿತ್ತು. ಒತ್ತುವ ಮೊದಲೇ ಎರಡು ಸಲ ಯೋಚಿಸಬೇಕಾಗಿತ್ತು. ತೊಳೆಸಿ ತಂದ ಮೇಲೆ ಕೆಟ್ಟವನ್ನು ಬಿಟ್ಟು ಉಳಿದುವನ್ನು ತಟ್ಟೆಯಲ್ಲಿ ಜೋಡಿಸಬೇಕಾಗಿತ್ತು. ಹಣದ ಕೊರತೆಯೂ ತಟ್ಟೆಯ ಅಳತೆಯೂ ಸೇರಿ ವಿಮರ್ಶಕನ ಅರ್ಧ ಕೆಲಸವನ್ನು ಮಾಡಿಬಿಡುತ್ತಿದ್ದುವು. ಫೋನಿನ ಕ್ಯಾಮೆರಾಕ್ಕೆ ಈ ಕಟ್ಟುಪಾಡು ಯಾವುದೂ ಇಲ್ಲ. ಮೂರು ದಿನದ ಯಾತ್ರೆಯಿಂದ ಆರುನೂರು ಚಿತ್ರಗಳೊಡನೆ ಮರಳುವುದು ಇಂದು ಅಚ್ಚರಿಯಲ್ಲ. ಜರಡಿ ಇಲ್ಲದ ಮನೆಯಲ್ಲಿ ಜರಡಿಯ ಕೆಲಸವನ್ನು ಯಾರಾದರೊಬ್ಬರು ಕೈಯಿಂದಲೇ ಮಾಡಬೇಕಷ್ಟೆ.

ಚಿತ್ರ ತೆಗೆದವರು ತಾವೇ ಅದನ್ನು ಮಾಡಿಕೊಳ್ಳಲು ಏಕೆ ಸಾಧ್ಯವಾಗುವುದಿಲ್ಲ? ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆ ಒಂದು ಕಾರಣವನ್ನು ಹೇಳುತ್ತದೆ. ಆದರೆ ಅದು ಬರಿಯ ಮೋಹವಲ್ಲ. ಛಾಯಾಚಿತ್ರದ ಚೌಕಟ್ಟಿನ ಒಳಗೆ ಇರುವುದು ಸ್ವಲ್ಪ. ತೆಗೆದವರ ಮನಸ್ಸಿನಲ್ಲಿ ಅದರ ಹೊರಗೆ ಇರುವುದು ಬಹಳ. ಮಂಜು ಕವಿದ ಗುಡ್ಡದ ಮಸುಕು ಚಿತ್ರವನ್ನು ನೋಡಿದೊಡನೆ ಅವರಿಗೆ ಅಂದಿನ ಗಾಳಿಯ ತಂಪು, ಚಹದ ಅಂಗಡಿಯವನ ಮಾತು, ಜಾರಿ ಬಿದ್ದ ತಮ್ಮನ ನಗು ಎಲ್ಲವೂ ನೆನಪಾಗುತ್ತವೆ. ನೋಡುಗನಿಗೆ ಕಾಣುವುದು ಮಸುಕು ಮಾತ್ರ. ತೆಗೆದವರು ನೆನಪನ್ನು ನೋಡುತ್ತಿದ್ದಾರೆ. ಎದುರು ಕುಳಿತವರು ಚಿತ್ರವನ್ನು ನೋಡುತ್ತಿದ್ದಾರೆ. ಇಬ್ಬರ ಕಣ್ಣೂ ಒಂದೇ ಪರದೆಯ ಮೇಲಿದ್ದರೂ ಅವರು ಕಾಣುತ್ತಿರುವುದು ಬೇರೆ ಬೇರೆ.

ಆದುದರಿಂದ ನೋಡುಗನ ಬಳಿ ತೆಗೆದವರಿಗೆ ಎಂದೂ ದೊರೆಯಲಾರದ ಒಂದು ವಸ್ತುವಿದೆ. ಅದು ಪಾಂಡಿತ್ಯವಲ್ಲ, ಅಜ್ಞಾನ. ಅವನಿಗೆ ಆ ಗಾಳಿ ಗೊತ್ತಿಲ್ಲ, ಆ ನಗು ಗೊತ್ತಿಲ್ಲ. ಚಿತ್ರ ತನ್ನಷ್ಟಕ್ಕೆ ತಾನು ಎಷ್ಟು ಹೇಳಿತೆಂಬುದನ್ನು ಅವನೊಬ್ಬನೇ ಬಲ್ಲ. ಪ್ರಾಮಾಣಿಕವಾದ ಅಭಿಪ್ರಾಯವೆಂದರೆ ಈ ಅಜ್ಞಾನದ ನೇರವಾದ ವರದಿ. ದ್ಯುತಿರಂಧ್ರದ ಲೆಕ್ಕ, ಮಸೂರದ ಗುಣ, ಸಂಯೋಜನೆಯ ಸೂತ್ರ ಇವುಗಳಲ್ಲಿ ಒಂದೂ ತಿಳಿಯದ ಅಜ್ಜಿಯೂ ಈ ವರದಿಯನ್ನು ಕೊಡಬಲ್ಲಳು. “ನನಗೆ ಕ್ಯಾಮೆರಾದ ವಿಚಾರ ಗೊತ್ತಿಲ್ಲ” ಎಂದು ಹಿಂಜರಿಯಲು ಯಾರಿಗೂ ಕಾರಣವಿಲ್ಲ.

ವರದಿಗೂ ತೀರ್ಪಿಗೂ ಇರುವ ಭೇದವನ್ನು ಇಲ್ಲಿ ಗಮನಿಸಬೇಕು. “ಚಿತ್ರಮಾಲೆ ಉದ್ದವಾಯಿತು” ಎಂಬುದು ತೀರ್ಪು. “ದೇವಸ್ಥಾನದ ಚಿತ್ರಗಳು ಬಂದಾಗ ಮೊದಲ ನಾಲ್ಕನ್ನು ನೋಡಿದೆ, ಆಮೇಲೆ ಮನಸ್ಸು ಬೇರೆಲ್ಲಿಗೋ ಹೋಯಿತು” ಎಂಬುದು ವರದಿ. “ಜೋಡಣೆ ಸರಿಯಿಲ್ಲ” ಎಂಬುದು ತೀರ್ಪು. “ದೋಣಿ ಹತ್ತಿದುದನ್ನು ಕಂಡೆ, ಆದರೆ ಎಲ್ಲಿಗೆ ಹೋದಿರೆಂಬುದು ತಿಳಿಯಲಿಲ್ಲ” ಎಂಬುದು ವರದಿ. ತೀರ್ಪಿಗೆ ವಾದದ ಮೂಲಕ ಉತ್ತರ ಕೊಡಬಹುದು. ವರದಿಯ ಮೇಲೆ ವಾದ ನಡೆಯುವುದಿಲ್ಲ. ಏಕೆಂದರೆ ಅದು ನೋಡುಗನ ಒಳಗೆ ನಡೆದ ಸಂಗತಿ. ತೀರ್ಪು ಕೇಳಿದವರು ತಮ್ಮ ಮಾನವನ್ನು ಕಾಯಲು ನಿಲ್ಲುತ್ತಾರೆ. ವರದಿ ಕೇಳಿದವರು ತಮ್ಮ ಚಿತ್ರಗಳ ಕಡೆಗೆ ತಿರುಗುತ್ತಾರೆ. ನೋಡುಗ ತನ್ನನ್ನು ತಾನು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಕಣ್ಣು ಎಲ್ಲಿ ನಿಂತಿತು? ಮನಸ್ಸು ಎಲ್ಲಿ ಜಾರಿತು? ಯಾವುದು ತಿಳಿಯದೆ ಹೋಯಿತು? ಈ ಮೂರಕ್ಕೂ ಉತ್ತರ ಹೇಳಿದರೆ ಹೇಳಬೇಕಾದ ಬಹುಭಾಗವನ್ನು ಹೇಳಿದಂತಾಯಿತು.

ದೋಷವನ್ನು ತೋರಿಸುವುದು ಕನ್ನಡಿಗರಿಗೆ ಹೊಸ ವಿದ್ಯೆಯಲ್ಲ. ಇಂದು ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಎಲ್ಲಕ್ಕಿಂತ ಹಳೆಯದಾದ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಮೊದಲನೆಯ ಪರಿಚ್ಛೇದದ ವಿಷಯವೇ ಕಾವ್ಯದ ದೋಷಾದೋಷಗಳು. ಆದರೆ ಅಲ್ಲಿಯ ಕ್ರಮ ನೋಡತಕ್ಕದ್ದು. ಇದು ತಪ್ಪು ಎಂದು ಬೆರಳು ತೋರಿಸಿ ಗ್ರಂಥಕಾರ ಸುಮ್ಮನಾಗುವುದಿಲ್ಲ. ದೋಷವುಳ್ಳ ಪದ್ಯವನ್ನು ಮುಂದಿಟ್ಟು, ಅದನ್ನೇ ತಿದ್ದಿದರೆ ಹೇಗಾಗುತ್ತದೆಂಬುದನ್ನೂ ಬರೆದು ತೋರಿಸುತ್ತಾನೆ. ಓದುಗನ ಎದುರಿಗೆ ಎರಡು ರೂಪಗಳು ಅಕ್ಕಪಕ್ಕದಲ್ಲಿ ನಿಲ್ಲುತ್ತವೆ; ಯಾವುದು ಮೇಲೆಂಬುದನ್ನು ಅವನ ಕಿವಿಯೇ ನಿರ್ಣಯಿಸುತ್ತದೆ. ಚಿತ್ರಮಾಲೆಯ ವಿಷಯದಲ್ಲಿ ಈ ಕ್ರಮ ಇನ್ನೂ ಸುಲಭ. ಚಿತ್ರವನ್ನು ಮತ್ತೆ ತೆಗೆಯಬೇಕಾಗಿಲ್ಲ. ಇದ್ದುದನ್ನು ಹಿಂದು ಮುಂದು ಮಾಡಿ, ಹೆಚ್ಚಾದುದನ್ನು ಬಿಟ್ಟು, ಆ ರಾತ್ರಿಯೇ ಎರಡನೆಯ ರೂಪವನ್ನು ನೋಡಬಹುದು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ಹಂಪೆಗೆ ಹೋಗಿ ಬಂದ ಕುಟುಂಬವೊಂದು 160 ಚಿತ್ರಗಳನ್ನು ತೋರಿಸುತ್ತದೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೆ ಆರು ಸೆಕೆಂಡುಗಳಂತೆ 16 ನಿಮಿಷಗಳಾಗುತ್ತವೆ. ನಡುನಡುವೆ ವಿವರಣೆ ಸೇರಿದರೆ ಮುಕ್ಕಾಲು ಗಂಟೆ. ಮೊದಲಿಗೆ ರೈಲು, ಹೋಟೆಲಿನ ಕೋಣೆ, ಉಪಾಹಾರದ ತಟ್ಟೆ ಬರುತ್ತವೆ. ವಿಠ್ಠಲ ದೇವಾಲಯದ ಕಲ್ಲಿನ ರಥ ಹನ್ನೊಂದು ಸಲ ಕಾಣಿಸುತ್ತದೆ. ಹನ್ನೊಂದರಲ್ಲಿ ಹತ್ತು, 2017ರಲ್ಲಿ ಬಂದ ಐವತ್ತು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಎಲ್ಲರೂ ಕಂಡಿರುವ ರಥವೇ. ಹನ್ನೊಂದನೆಯದರಲ್ಲಿ ಮಾತ್ರ ರಥದ ನೆರಳಿನಲ್ಲಿ ಕಾವಲುಗಾರನೊಬ್ಬ ಬುತ್ತಿಯನ್ನು ಬಿಚ್ಚಿಕೊಂಡು ಕುಳಿತಿದ್ದಾನೆ. ಹತ್ತನ್ನು ನೋಡಿ ದಣಿದ ಕಣ್ಣಿಗೆ ಹನ್ನೊಂದನೆಯದು ಕಾಣಿಸದೆಯೇ ದಾಟಿಹೋಗುತ್ತದೆ. “ರಥದ ಚಿತ್ರಗಳು ಹೆಚ್ಚಾದುವು” ಎಂದರೆ ತೆಗೆದವರಿಗೆ ನೋವಾದೀತು. “ಆ ಕಾವಲುಗಾರನ ಚಿತ್ರವೊಂದನ್ನೇ ಇಟ್ಟಿದ್ದರೆ ರಥವನ್ನು ಹೊಸದಾಗಿ ಕಂಡಂತಾಗುತ್ತಿತ್ತು” ಎಂದರೆ ಅದೇ ಅಭಿಪ್ರಾಯ ಕೊಡುಗೆಯಾಗುತ್ತದೆ.

ಅದೇ ಚಿತ್ರಮಾಲೆಯ ಇನ್ನೊಂದು ಪ್ರಸಂಗವನ್ನು ನೋಡಬಹುದು. ವಿರೂಪಾಕ್ಷ ದೇವಾಲಯದ ಪೂರ್ವದ ಗೋಪುರ ಒಂಬತ್ತು ಅಂತಸ್ತಿನದು; ಸುಮಾರು ಐವತ್ತು ಮೀಟರು ಎತ್ತರವಿದೆ. ದೇವಾಲಯದ ಹಿಂಭಾಗದ ಕತ್ತಲೆಯ ಕೋಣೆಯೊಂದರಲ್ಲಿ, ಗೋಡೆಯ ಕಿರಿಯ ಕಿಂಡಿಯಿಂದ ನುಸುಳಿ ಬಂದ ಬೆಳಕು ಆ ಗೋಪುರವನ್ನು ಎದುರಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಕ್ಯಾಮೆರಾದ ತತ್ತ್ವ ಅಲ್ಲಿ ಕಲ್ಲಿನ ಮನೆಯೊಳಗೆ ತಾನಾಗಿಯೇ ಕೆಲಸ ಮಾಡುತ್ತಿರುತ್ತದೆ. ಕುಟುಂಬದವರು ಗೋಪುರವನ್ನೂ ತೆಗೆದಿದ್ದಾರೆ, ತಲೆಕೆಳಗಾದ ನೆರಳನ್ನೂ ತೆಗೆದಿದ್ದಾರೆ. ಆದರೆ ಅವೆರಡರ ನಡುವೆ ಬಾಳೆಹಣ್ಣು ತಿನ್ನುತ್ತಿರುವ ಆನೆ, ಚಪ್ಪಲಿ ಬಿಡುತ್ತಿರುವ ಮಕ್ಕಳು, ಕಂಬಗಳು ಎಲ್ಲ ಸೇರಿ ನಲವತ್ತು ಚಿತ್ರಗಳಿವೆ. ನೆರಳು ಪರದೆಯ ಮೇಲೆ ಬಂದಾಗ ನೋಡುಗನಿಗೆ ಅದು ಗೋಡೆಯ ಮೇಲಿನ ಒಂದು ಕಲೆ. ತೋರಿಸುವವರು ಎದ್ದು ನಿಂತು ಐದು ನಿಮಿಷ ವಿವರಿಸುತ್ತಾರೆ. ಗೋಪುರದ ಮರುಗಳಿಗೆಯೇ ನೆರಳನ್ನು ಇಟ್ಟಿದ್ದರೆ ಯಾರೂ ಬಾಯಿ ತೆರೆಯಬೇಕಾಗಿರಲಿಲ್ಲ, ಹಿಂದಿನ ಸಾಲಿನ ಹುಡುಗಿ ತಾನೇ “ಅಯ್ಯೋ, ಅದೇ ಗೋಪುರ!” ಎಂದು ಕೂಗುತ್ತಿದ್ದಳು.

ಚಿತ್ರಗಳು ಅಕ್ಕಪಕ್ಕದ ಚಿತ್ರಗಳಿಂದ ಅರ್ಥವನ್ನು ಪಡೆಯುತ್ತವೆಂಬುದನ್ನು ಚಲನಚಿತ್ರದವರು ಬಹಳ ಹಿಂದೆಯೇ ಕಂಡುಕೊಂಡರು. ರಷ್ಯದ ಲೆವ್ ಕುಲೆಷೋವ್ ಎಂಬ ನಿರ್ದೇಶಕ ಸುಮಾರು 1920ರ ಹೊತ್ತಿಗೆ ನಟನೊಬ್ಬನ ಭಾವವಿಲ್ಲದ ಮುಖದ ಒಂದೇ ತುಣುಕನ್ನು ಬೇರೆ ಬೇರೆ ತುಣುಕುಗಳ ಪಕ್ಕದಲ್ಲಿ ಜೋಡಿಸಿದನೆಂದು ಪ್ರಸಿದ್ಧವಾಗಿದೆ. ಸಾರಿನ ತಟ್ಟೆಯ ಪಕ್ಕದಲ್ಲಿ ಆ ಮುಖ ಹಸಿವಿನಂತೆಯೂ ಶವಪೆಟ್ಟಿಗೆಯ ಪಕ್ಕದಲ್ಲಿ ಅದೇ ಮುಖ ದುಃಖದಂತೆಯೂ ತೋರಿತಂತೆ. ಮನೆಯ ಚಿತ್ರಮಾಲೆಗೂ ಈ ನಿಯಮ ಅನ್ವಯಿಸುತ್ತದೆ. ಅಜ್ಜನ ಗಂಭೀರವಾದ ಮುಖ ಬೆಟ್ಟದ ಮೆಟ್ಟಿಲುಗಳ ಚಿತ್ರದ ನಂತರ ಬಂದರೆ ಆಯಾಸವೆನಿಸುತ್ತದೆ. ಹಳೆಯ ಮನೆಯ ಬಾಗಿಲಿನ ನಂತರ ಬಂದರೆ ನೆನಪೆನಿಸುತ್ತದೆ. ಆದುದರಿಂದ ಅಭಿಪ್ರಾಯ ಹೇಳುವವರು ಬಿಡಿಚಿತ್ರಗಳ ಗುಣದೋಷಗಳಿಗಿಂತ ಮೊದಲು ಜೋಡಣೆಯನ್ನು ಕುರಿತು ಮಾತನಾಡುವುದು ಲೇಸು. ಹಾಗೆ ಮಾಡುವುದರಿಂದ ಮತ್ತೊಂದು ಉಪಕಾರವಿದೆ. ಚಿತ್ರ ಚೆನ್ನಾಗಿಲ್ಲವೆಂದರೆ ಕೈಯ ಕುಶಲತೆಯನ್ನು ಹಳಿದಂತಾಗುತ್ತದೆ. ಸ್ಥಳ ಬದಲಾಗಲಿ ಎಂದರೆ ಚಿತ್ರಕ್ಕೆ ಮರ್ಯಾದೆ ಉಳಿಯುತ್ತದೆ.

ಜೋಡಣೆಯ ನಂತರ ಕಾಲ. ಟೋಕಿಯೋ ನಗರದಲ್ಲಿ 2003ರಲ್ಲಿ ಆರಂಭವಾದ ಪೆಚಕುಚ ಎಂಬ ಪದ್ಧತಿಯಲ್ಲಿ ಒಬ್ಬರಿಗೆ ಇಪ್ಪತ್ತೇ ಚಿತ್ರಗಳು, ಒಂದೊಂದಕ್ಕೆ ಇಪ್ಪತ್ತೇ ಸೆಕೆಂಡುಗಳು. ಎಲ್ಲ ಸೇರಿ 6 ನಿಮಿಷ 40 ಸೆಕೆಂಡುಗಳಲ್ಲಿ ಮುಗಿಯಬೇಕು. ಮನೆಯಲ್ಲಿ ಅಷ್ಟು ಬಿಗಿ ಬೇಡ. ಆದರೆ ಮೊದಲೇ ಗೊತ್ತುಮಾಡಿಕೊಂಡ ಎಲ್ಲೆಯೊಂದು ಇದ್ದರೆ ಆಯ್ಕೆ ತಾನಾಗಿ ನಡೆಯುತ್ತದೆ. ಬಿಟ್ಟ ಚಿತ್ರಗಳು ನಾಶವಾಗುವುದಿಲ್ಲವೆಂಬುದನ್ನೂ ತೆಗೆದವರಿಗೆ ನೆನಪಿಸಬೇಕು. ಹಿಂದೆ ಅವು ಹಳದಿಯ ಡಬ್ಬದಲ್ಲಿ ಇರುತ್ತಿದ್ದುವು. ಈಗ ಫೋನಿನಲ್ಲಿಯೇ ಇರುತ್ತವೆ. ಮನೆಯವರು ಬಯಸಿದಾಗ ನೋಡಿಕೊಳ್ಳಬಹುದು.

ಸಂಗೀತ, ಬರೆಹ, ಚಲನೆ ಈ ಮೂರರಲ್ಲಿ ಹವ್ಯಾಸಿಗಳು ಎಡವುವುದು ಹೆಚ್ಚು. ಸಾಹಿತ್ಯವುಳ್ಳ ಹಾಡನ್ನು ಹಿನ್ನೆಲೆಗೆ ಹಾಕಿದರೆ ಕಿವಿ ಮಾತಿನ ಬೆನ್ನು ಹತ್ತುತ್ತದೆ, ಕಣ್ಣು ಹಿಂದೆ ಬೀಳುತ್ತದೆ. ಬರಿಯ ವೀಣೆಯೋ ಕೊಳಲೋ ಆದರೆ ಆ ಜಗಳವಿಲ್ಲ. ಚಿತ್ರದ ಕೆಳಗೆ ಮೂರು ಸಾಲು ಬರೆದರೆ ನೋಡುಗ ಓದುತ್ತಾನೆ, ನೋಡುವುದಿಲ್ಲ. ನಿಶ್ಚಲ ಚಿತ್ರದ ಮೇಲೆ ಮೆಲ್ಲಗೆ ಸಾಗುತ್ತ ಹತ್ತಿರವಾಗುವ ಚಲನೆಯನ್ನು ಕೆನ್ ಬರ್ನ್ಸ್ ಎಂಬ ಅಮೆರಿಕದ ಸಾಕ್ಷ್ಯಚಿತ್ರಕಾರ ಜನಪ್ರಿಯಗೊಳಿಸಿದನು. 1990ರಲ್ಲಿ ಪ್ರಸಾರವಾದ ಆತನ ಅಂತರ್ಯುದ್ಧದ ಚಿತ್ರಸರಣಿಯಲ್ಲಿ ಅದು ಕಣ್ಣನ್ನು ಒಂದು ಮುಖದ ಕಡೆಗೋ ಒಂದು ಕೈಯ ಕಡೆಗೋ ಕರೆದೊಯ್ಯುತ್ತದೆ. ಈಗಿನ ಯಂತ್ರಗಳು ಅದೇ ಚಲನೆಯನ್ನು ಎಲ್ಲ ಚಿತ್ರಗಳಿಗೂ ಗುಂಡಿ ಒತ್ತಿದೊಡನೆ ಅಂಟಿಸುತ್ತವೆ. ಎಲ್ಲವೂ ತೇಲತೊಡಗಿದರೆ ನೋಡುಗನಿಗೆ ತಲೆ ಸುತ್ತುವುದಲ್ಲದೆ ಬೇರೆ ಪ್ರಯೋಜನವಿಲ್ಲ. ಇಂಥವನ್ನು ಹೇಳುವಾಗ ಸಂಕೋಚಪಡಬೇಕಾದುದಿಲ್ಲ. ಇವು ಯಾರ ಪ್ರತಿಭೆಯನ್ನೂ ಮುಟ್ಟುವುದಿಲ್ಲ.

ಆದರೆ ಸಂಕೋಚವಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಅದು ಚಿತ್ರದೊಳಗಿನ ಮನುಷ್ಯನಿಗೆ ಸಂಬಂಧಿಸಿದುದು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಜೇಕಬ್ ರೀಸ್ ಎಂಬ ಪತ್ರಕರ್ತ 1888ರ ಜನವರಿಯಲ್ಲಿ ನ್ಯೂಯಾರ್ಕಿನ ಹವ್ಯಾಸಿ ಛಾಯಾಗ್ರಾಹಕರ ಸಂಘದ ಮುಂದೆ ಮಾಯಾದೀಪದ ಉಪನ್ಯಾಸವೊಂದನ್ನು ಕೊಟ್ಟನು. ಆ ನಗರದ ಬಡವರು ಹೇಗೆ ಬದುಕುತ್ತಿದ್ದಾರೆ, ಹೇಗೆ ಸಾಯುತ್ತಿದ್ದಾರೆ ಎಂಬುದೇ ಅದರ ವಸ್ತು. 1890ರಲ್ಲಿ ಅದು ಪುಸ್ತಕವಾಗಿ ಬೆಳೆದು ಜನರ ಕಣ್ಣು ತೆರೆಸಿತು. ಆ ಚಿತ್ರಗಳಲ್ಲಿ ಕೆಲವು, ಕತ್ತಲೆಯ ಕೋಣೆಗಳಿಗೆ ರಾತ್ರಿ ಹೊಕ್ಕು ಮಿಂಚುಪುಡಿಯ ಬೆಳಕಿನಲ್ಲಿ ತೆಗೆದವು. ನಿದ್ದೆಯಿಂದ ಬೆಚ್ಚಿದ ಮುಖಗಳನ್ನು ಅವುಗಳಲ್ಲಿ ಕಾಣಬಹುದು. ಅವರ ಒಪ್ಪಿಗೆಯನ್ನು ಯಾರು ಕೇಳಿದರೆಂಬ ಪ್ರಶ್ನೆಯನ್ನು ಇಂದಿನ ನೋಡುಗರು ಎತ್ತುತ್ತಾರೆ. ರೀಸನಿಗೆ ಒಂದು ದೊಡ್ಡ ಉದ್ದೇಶವಾದರೂ ಇತ್ತು. ಪ್ರವಾಸಕ್ಕೆ ಹೋದ ಗೃಹಸ್ಥರು ಘಟ್ಟದ ಮೆಟ್ಟಿಲ ಮೇಲೆ ಸ್ನಾನ ಮಾಡುತ್ತಿರುವ ಹೆಂಗಸನ್ನೋ ಭಿಕ್ಷೆಗೆ ಕೈಚಾಚಿದ ಮುದುಕನನ್ನೋ ಬಣ್ಣ ಚೆನ್ನಾಗಿದೆಯೆಂದು ತೆಗೆದು, ಕಾಫಿಯ ಜೊತೆಗೆ ತೋರಿಸಿದರೆ, “ಈ ಚಿತ್ರದಲ್ಲಿರುವವರು ಇಲ್ಲಿ ಕುಳಿತಿದ್ದರೆ ಇದನ್ನು ತೋರಿಸುತ್ತಿದ್ದಿರಾ?” ಎಂದು ಮೆಲ್ಲಗೆ ಕೇಳುವುದು ಸ್ನೇಹಿತನ ಕರ್ತವ್ಯ. ತಟ್ಟೆಯಿಂದ ಒಂದು ಚಿತ್ರ ಕಡಮೆಯಾದರೆ ಯಾರ ಗಂಟೂ ಹೋಗುವುದಿಲ್ಲ.

ಹೇಳುವ ಮಾತಿಗೆ ಹೊತ್ತೂ ಸ್ಥಳವೂ ಉಂಟು. ಹತ್ತು ಜನರ ಎದುರಿಗೆ ತಪ್ಪು ಹೇಳಿದರೆ ಅದು ಹತ್ತು ಪಟ್ಟು ಭಾರವಾಗುತ್ತದೆ. ಮೆಚ್ಚಿದುದನ್ನು ಎಲ್ಲರೆದುರಿಗೂ ತಿದ್ದಬೇಕಾದುದನ್ನು ಒಬ್ಬರೇ ಇದ್ದಾಗಲೂ ಹೇಳುವುದು ಮರ್ಯಾದೆ. ಗಂಡ ತೆಗೆದ ಚಿತ್ರಗಳ ದೋಷವನ್ನು ಬಂದವರ ಮುಂದೆ ಹೆಂಡತಿ ಎಣಿಸುವುದೂ, ಮಗಳು ಮಾಡಿದ ಜೋಡಣೆಯನ್ನು ಅಪ್ಪ ಅಲ್ಲಿಯೇ ತಿದ್ದತೊಡಗುವುದೂ ಸಂಸಾರದಲ್ಲಿ ಬೇಡದ ಕಾವು. ಎಲ್ಲ ಚಿತ್ರಮಾಲೆಗಳೂ ವಿಮರ್ಶೆಯನ್ನು ಬೇಡುವುದಿಲ್ಲವೆಂಬ ವಿವೇಕವೂ ಬೇಕು. ತೀರಿಹೋದ ತಾಯಿಯ ಹಳೆಯ ಚಿತ್ರಗಳನ್ನು ಮಕ್ಕಳು ವೈಕುಂಠ ಸಮಾರಾಧನೆಯ ದಿನ ತೋರಿಸಿದರೆ ಅಲ್ಲಿ ಮಸುಕೂ ಇಲ್ಲ, ಉದ್ದವೂ ಇಲ್ಲ. ಕುಳಿತು ನೋಡುವುದಷ್ಟೆ ಧರ್ಮ. ಎಂಟು ವರ್ಷದ ಮಗು ತನ್ನ ಬೆಕ್ಕಿನ ಮೂವತ್ತು ಚಿತ್ರಗಳನ್ನು ತೋರಿಸಿದರೆ, ಯಾವ ಬೆಕ್ಕು ನಿನಗೆ ಹೆಚ್ಚು ಇಷ್ಟ ಎಂದು ಕೇಳಿದರೆ ಸಾಕು. ಆಯ್ಕೆಯ ಮೊದಲ ಪಾಠ ಅದರಲ್ಲಿಯೇ ಆಗುತ್ತದೆ. ಕಲಿಯಬೇಕೆಂದು ಬಯಸಿ ಕೇಳಿದವರಿಗೆ ಮಾತ್ರ ಪೂರ್ಣ ಉತ್ತರ ಸಲ್ಲುತ್ತದೆ.

ಮೆಚ್ಚುಗೆಯನ್ನೂ ಇದೇ ಎಚ್ಚರದಿಂದ ಹೇಳಬೇಕು. ಎಲ್ಲವೂ ಚೆನ್ನಾಗಿತ್ತೆಂದರೆ ಯಾವುದನ್ನು ಉಳಿಸಿಕೊಳ್ಳಬೇಕೆಂಬುದು ತಿಳಿಯುವುದಿಲ್ಲ. “ಕಿಟಕಿಯ ಬೆಳಕಿನಲ್ಲಿ ಅತ್ತೆ ಹೂ ಕಟ್ಟುತ್ತಿರುವ ಚಿತ್ರದಲ್ಲಿ ಬೆರಳುಗಳು ಮಾತ್ರ ಬೆಳಗುತ್ತಿದ್ದುವು” ಎಂದರೆ ತೆಗೆದವರು ಮರುದಿನ ಕಿಟಕಿಯ ಬೆಳಕನ್ನು ಹುಡುಕುತ್ತಾರೆ. ಹವ್ಯಾಸಿ ಬೆಳೆಯುವುದು ಹೀಗೆಯೇ. ಕರ್ನಾಟಕದ ಛಾಯಾಗ್ರಹಣದ ಚರಿತ್ರೆ ಬಹುಮಟ್ಟಿಗೆ ಹವ್ಯಾಸಿಗಳ ಚರಿತ್ರೆ. ವನ್ಯಜೀವಿಗಳ ಚಿತ್ರಗಳಿಗಾಗಿ ಹೆಸರಾಗಿ 2017ರಲ್ಲಿ ತೀರಿಕೊಂಡ ಬೆಂಗಳೂರಿನ ಟಿ. ಎನ್. ಎ. ಪೆರುಮಾಳರಿಗೆ ಓ. ಸಿ. ಎಡ್ವರ್ಡ್ಸ್ ಗುರುಸ್ಥಾನದಲ್ಲಿದ್ದರು, ಪೆರುಮಾಳರು ತಮ್ಮ ಸರದಿಯಲ್ಲಿ ಅನೇಕ ಕಿರಿಯರಿಗೆ ಮಾರ್ಗದರ್ಶಕರಾದರು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಕುಳಿತು ನೋಡಿ, ನಿಜವನ್ನು ಹೇಳುವ ಸಂಪ್ರದಾಯವಿಲ್ಲದೆ ಇಂಥ ಪರಂಪರೆ ಬೆಳೆಯುವುದಿಲ್ಲ. ಮನೆಯ ನಡುಮನೆಯಲ್ಲಿ ನಡೆಯುವುದೂ ಅದರ ಚಿಕ್ಕ ರೂಪವೇ.

ಕೇಳುವವರಿಗೂ ಒಂದೆರಡು ಹೊಣೆಗಳಿವೆ. “ಹೇಗಿತ್ತು?” ಎಂದು ಕೇಳಿದರೆ ಸಿಗುವುದು “ಚೆನ್ನಾಗಿತ್ತು” ಎಂಬುದೇ. “ಯಾವ ಹತ್ತನ್ನು ತೆಗೆದುಹಾಕಲಿ?” ಎಂದು ಕೇಳಿದರೆ ಹಿಂಜರಿಯುವ ನೆಂಟರಿಗೂ ಬಾಯಿ ಬರುತ್ತದೆ, ಏಕೆಂದರೆ ತೆಗೆದುಹಾಕಲು ಅಪ್ಪಣೆ ಮೊದಲೇ ದೊರೆತಿದೆ. ಉತ್ತರ ಬಂದಾಗ “ಅಲ್ಲಿ ಬೆಳಕೇ ಇರಲಿಲ್ಲ”, “ಆ ಹೊತ್ತಿಗೆ ಬಸ್ಸು ಹೊರಟುಬಿಟ್ಟಿತ್ತು” ಎಂದು ಸಮಾಧಾನ ಹೇಳತೊಡಗಬಾರದು. ಕಾರಣಗಳೆಲ್ಲ ನಿಜವಾಗಿರಬಹುದು, ಆದರೆ ಅವು ಪರದೆಯ ಮೇಲೆ ಬರುವುದಿಲ್ಲ. ಸುಮ್ಮನೆ ಕೇಳಿ, ಒಂದು ಕಾಗದದಲ್ಲಿ ಗುರುತುಮಾಡಿಕೊಂಡು, ಎರಡು ದಿನ ಬಿಟ್ಟು ಚಿತ್ರಮಾಲೆಯನ್ನು ಮತ್ತೆ ತೆರೆಯಬೇಕು. ಹೇಳಿದುದನ್ನೆಲ್ಲ ಒಪ್ಪಬೇಕೆಂಬ ಕಟ್ಟಳೆಯಿಲ್ಲ. ಒಬ್ಬರಿಗೆ ಬೇಸರವಾದುದು ಅವರ ರುಚಿಯಿರಬಹುದು. ಮೂವರು ಬೇರೆ ಬೇರೆಯಾಗಿ ಒಂದೇ ಸ್ಥಳದಲ್ಲಿ ದಣಿದರೆ ತೊಡಕು ಆ ಸ್ಥಳದಲ್ಲಿದೆ.

ಒಮ್ಮೆ ನಿಜವನ್ನು ಹೇಳಿದವರ ಮೆಚ್ಚುಗೆಗೆ ಬೆಲೆ ಬರುತ್ತದೆ. ಕಳೆದ ಸಲ “ನದಿಯ ಚಿತ್ರಗಳಲ್ಲಿ ನನಗೆ ದಾರಿ ತಪ್ಪಿತು” ಎಂದ ಚಿಕ್ಕಪ್ಪ ಈ ಸಲ “ನದಿಯ ಭಾಗವನ್ನು ಇನ್ನೊಮ್ಮೆ ಹಾಕು” ಎಂದರೆ, ತೋರಿಸಿದವರಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಾಗಿಲ್ಲ. ಆಗ ದೀಪ ಹಾಕಲು ಎದ್ದವರು ಕೂಡ ಮತ್ತೆ ಕುಳಿತುಕೊಳ್ಳುತ್ತಾರೆ; ಕಾಫಿ ಸ್ವಲ್ಪ ತಡವಾಗಿ ಬಂದರೂ ಯಾರೂ ಕೇಳುವುದಿಲ್ಲ.